ಊರಲ್ಲಿ ‘ಕುರುಕ್ಷೇತ್ರ’ ಆಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಮಂಡ್ಯ, ಮೈಸೂರು, ಹಾಸನ, ರಾಮನಗರ ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆ ಹತ್ತಿರ ಬಂತೆಂದರೆ ಅರಳಿಕಟ್ಟೆಯಲ್ಲಿ ಪೌರಾಣಿಕ ನಾಟಕದ ಮಾತು ಏಳುತ್ತದೆ. ಹೊಸದಾಗಿ ತಂಡ ಕಟ್ಟುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಮೊದಲ ಭಾಗ ಏನೂ ಗೊತ್ತಿಲ್ಲದವರಿಗೆ. ಕೊನೆಯ ಭಾಗ ಎರಡು ಮೂರು ಸಲ ಆಡಿಸಿಯೂ ಬೆಳಗಿನ ಜಾವಕ್ಕೆ ಕೈಸೋತವರಿಗೆ.

## ಶುರು ಮಾಡುವ ಮುಂಚೆ

ಎಲ್ಲಾ ಊರಲ್ಲೂ ಕುರುಕ್ಷೇತ್ರನೇ ಯಾಕೆ? ಬೇರೆ ನಾಟಕ ಇಲ್ವಾ?

ಇವೆ. ಶನಿಪ್ರಭಾವದ ಕತೆ, ರಾಮಾಯಣ, ದಕ್ಷಯಜ್ಞ ಎಲ್ಲವನ್ನೂ ಆಡುತ್ತಾರೆ. ಆದರೆ ಕುರುಕ್ಷೇತ್ರದಲ್ಲಿ ದೊಡ್ಡ ಪಾರ್ಟುಗಳೇ ಹತ್ತು ಹನ್ನೆರಡು. ಊರಿನ ಇಪ್ಪತ್ತು ಜನ ಬಣ್ಣ ಹಚ್ಚಬಹುದು, ಖರ್ಚು ಇಪ್ಪತ್ತು ಹೆಗಲಿಗೆ ಹಂಚಿಹೋಗುತ್ತದೆ. ಕತೆ ಎಲ್ಲರಿಗೂ ಗೊತ್ತಿರುವುದರಿಂದ ಮಧ್ಯೆ ತೂಕಡಿಸಿ ಎದ್ದವನಿಗೂ ಎಲ್ಲಿಗೆ ಬಂತೆಂದು ತಿಳಿಯುತ್ತದೆ.

ಇದರ ಬೇರು ಕಂಪನಿ ನಾಟಕದಲ್ಲಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿತು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಸಿನಿಮಾಕ್ಕೆ ಹೋಗುವ ಮುಂಚೆ ಪಳಗಿದ್ದು ಇದೇ ಕಂಪನಿಯಲ್ಲಿ. ಇಂದು ಹಳ್ಳಿಯ ರಂಗದಲ್ಲಿ ಕಾಣುವ ಚಿತ್ರದ ಪರದೆ, ಕಾಲು ಹಾರ್ಮೋನಿಯಂ, ಮಾತಿನ ತುದಿಗೆ ಹಾಡು, ಎಲ್ಲ ಆ ಮನೆತನದ್ದೇ.

ಪಾರ್ಟು ಮಾಡೋಕೆ ನಾವೇ ದುಡ್ಡು ಕೊಡಬೇಕಂತೆ, ನಿಜಾನಾ? ಹೇಗೆ ಲೆಕ್ಕ ಹಾಕ್ತಾರೆ?

ನಿಜ. ಇಲ್ಲಿ ನಟನೇ ನಿರ್ಮಾಪಕ. ಕೆಲವು ಊರಲ್ಲಿ ಪಾರ್ಟುಗಳನ್ನು ಹರಾಜು ಕೂಗುತ್ತಾರೆ. ನಮ್ಮ ಮಟ್ಟಿಗೆ ಅದು ಜಗಳಕ್ಕೆ ದಾರಿ: ದುಡ್ಡಿದ್ದವನಿಗೆ ದುರ್ಯೋಧನ ಸಿಗುತ್ತಾನೆ, ಕಂಠ ಇದ್ದವನು ಸಾತ್ಯಕಿಯಾಗಿ ಮೂಲೆ ಸೇರುತ್ತಾನೆ. ಪಾಲು ಕಟ್ಟುವುದು ವಾಸಿ. ಒಟ್ಟು ಖರ್ಚು 3,20,000 ರೂಪಾಯಿ, ಚಂದಾ 80,000 ಬಂತು ಎಂದಿಟ್ಟುಕೊಳ್ಳಿ. ಉಳಿದದ್ದು 2,40,000. ಒಂದೇ ರಾತ್ರಿ ಸರದಿಯಲ್ಲಿ ಬರುವ ಇಬ್ಬರು ಕೃಷ್ಣ, ಇಬ್ಬರು ದುರ್ಯೋಧನರಿಗೆ ತಲಾ 6 ಪಾಲು. ಅರ್ಜುನ, ಭೀಮ, ಕರ್ಣ, ಧರ್ಮರಾಯನಿಗೆ ತಲಾ 4. ಶಕುನಿ, ಭೀಷ್ಮ, ದ್ರೋಣ, ವಿದುರ, ಅಭಿಮನ್ಯುವಿಗೆ ತಲಾ 3. ನಕುಲ, ಸಹದೇವ, ಸಾತ್ಯಕಿ, ದುಶ್ಯಾಸನ, ಸೈಂಧವನಿಗೆ ತಲಾ 1. ಒಟ್ಟು 60 ಪಾಲಾಯಿತು, ಪಾಲಿಗೆ 4,000. ಕೃಷ್ಣನಿಗೆ 24,000, ನಕುಲನಿಗೆ 4,000.

ಮೊದಲು ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಕಂಠ ನೋಡಿ ಪಾರ್ಟು ಹಂಚಲಿ, ದುಡ್ಡಿನ ಮಾತು ಆಮೇಲೆ ಬರಲಿ. ಅರ್ಧ ಹಣವನ್ನು ತಾಲೀಮು ಶುರುವಾದ ದಿನ, ಉಳಿದರ್ಧವನ್ನು ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ವಸೂಲು ಮಾಡಿ. ಪತ್ರಿಕೆಯಲ್ಲಿ ಫೋಟೊ ಬಂದ ಮೇಲೆ ದುಡ್ಡು ಹೊರಡಿಸುವುದು ಕಷ್ಟ.

ಹಾರ್ಮೋನಿಯಂ ಮೇಷ್ಟ್ರನ್ನ ಹೇಗೆ ಆರಿಸೋದು?

ಅವರು ಬೇರೆ ಊರಲ್ಲಿ ಕಲಿಸಿದ ನಾಟಕವನ್ನು ರಾತ್ರಿ ಎರಡು ಗಂಟೆಯ ಮೇಲೆ ಹೋಗಿ ನೋಡಿ. ಮೊದಲ ದೃಶ್ಯ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ನಡುರಾತ್ರಿಯಲ್ಲಿ ನಟ ಸಾಲು ಮರೆತಾಗ ಮೇಷ್ಟ್ರು ಏನು ಮಾಡುತ್ತಾರೆ ಎಂಬುದೇ ಪರೀಕ್ಷೆ. ಒಳ್ಳೆಯವರು ಸ್ವರ ಹಿಡಿದು ನಿಂತು, ಪಲ್ಲವಿಯ ಮೊದಲ ಪದವನ್ನು ಮೈಕಿಗೆ ಬೀಳದಂತೆ ಎತ್ತಿಕೊಡುತ್ತಾರೆ. ಕೆಲವರು ನಟನ ಕಡೆ ಕಣ್ಣು ಕೆಕ್ಕರಿಸುತ್ತಾರೆ, ಅಂಥವರ ಹತ್ತಿರ ಕಲಿತವರು ರಂಗದ ಮೇಲೆ ನಡುಗುತ್ತಾರೆ. ಒಂದೇ ಸೀಸನ್ನಿಗೆ ಎಷ್ಟು ಊರು ಒಪ್ಪಿಕೊಂಡಿದ್ದಾರೆ ಎಂದೂ ಕೇಳಿ. ವಾರಕ್ಕೆ ನಾಲ್ಕು ರಾತ್ರಿಯಾದರೂ ನಿಮ್ಮೂರಿಗೆ ಬರಲೇಬೇಕು. ತಬಲದವರು ಯಾರು, ಕೀಬೋರ್ಡ್ ಮತ್ತು ಪ್ಯಾಡಿನವರಿಗೆ ಯಾರು ಕೊಡಬೇಕು ಎಂಬುದೂ ಅವತ್ತೇ ತೀರ್ಮಾನವಾಗಲಿ.

ನಂಗೆ ಹಾಡೋಕೆ ಬರಲ್ಲ. ಯಾವ ಪಾರ್ಟು ತಗೊಳ್ಳಲಿ?

ಶಕುನಿ. ಮಾತು ಜಾಸ್ತಿ, ಹಾಡು ಕಡಿಮೆ, ಕುಂಟು ನಡಿಗೆಗೂ ದಾಳ ಉರುಳಿಸುವುದಕ್ಕೂ ಜನ ಕಾದಿರುತ್ತಾರೆ. ದುಶ್ಯಾಸನನೂ ಆದೀತು. ಮೆತ್ತಗಿನ ಪಾತ್ರವೆಂದು ಧರ್ಮರಾಯನಿಗೆ ಕೈ ಹಾಕಬೇಡಿ, ಅವನ ಪಾಲಿಗೆ ಹಾಡಿ ಹೇಳುವ ಕಂದಪದ್ಯಗಳ ರಾಶಿಯೇ ಇದೆ.

## ತಾಲೀಮು

ಎಷ್ಟು ದಿನ ತಾಲೀಮು ಬೇಕು?

ಹೊಸ ತಂಡಕ್ಕೆ ನಾಲ್ಕು ತಿಂಗಳು, ಹಳಬರಿಗೆ ಎರಡು. ಮೊದಲ ತಿಂಗಳು ಕೂತು ಓದುವುದು, ಎರಡನೆಯದು ಹಾಡು, ಮೂರನೆಯದು ನಿಂತು ಆಡುವುದು. ಕೊನೆಯ ತಿಂಗಳಲ್ಲಿ ಮೊದಲಿಂದ ಕೊನೆಯವರೆಗೆ ನಿಲ್ಲಿಸದೆ ಮೂರು ಸಲವಾದರೂ ಓಡಿಸಬೇಕು. ಈ ಮೂರು ಓಟವನ್ನೇ ಎಲ್ಲರೂ ತಪ್ಪಿಸುತ್ತಾರೆ. ರಾತ್ರಿ ಹತ್ತಕ್ಕೆ ಶುರುವಾಗಿ ಒಂದಕ್ಕೆ ಮುಗಿಯುವ ತಾಲೀಮಿನಲ್ಲಿ ಪ್ರತಿದಿನ ಮೊದಲ ಆರು ದೃಶ್ಯವೇ ತಿರುಗುತ್ತದೆ. ಕೃಷ್ಣ ಸಂಧಾನದವರೆಗೆ ನಾಟಕ ಕಡೆದ ಗೊಂಬೆ, ಅಲ್ಲಿಂದಾಚೆ ಕಲ್ಲುಬಂಡೆ. ವಾರಕ್ಕೊಂದು ದಿನ ಗದಾಯುದ್ಧದಿಂದ ಹಿಂದಕ್ಕೆ ಬನ್ನಿ.

ಸಿನಿಮಾದಲ್ಲಿ ಬಂದ ಡೈಲಾಗ್ ಸೇರಿಸ್ಕೊಳ್ಳಬಹುದಾ?

ಮಾತಿನ ನಡುವೆ ಸೇರಿಸಿದರೆ ಹೆಚ್ಚೇನೂ ಕೆಡುವುದಿಲ್ಲ, ಕೊನೆಯ ಸಾಲನ್ನು ಮಾತ್ರ ಮುಟ್ಟಬೇಡಿ. ನಿಮ್ಮ ಮಾತಿನ ಕೊನೆಯ ಮೂರ್ನಾಲ್ಕು ಪದ ಕೇಳಿಯೇ ಮೇಷ್ಟ್ರು ಶ್ರುತಿ ಕೊಡುತ್ತಾರೆ, ಎದುರಿನ ನಟ ಬಾಯಿ ತೆರೆಯುತ್ತಾನೆ, ಪರದೆಯವನು ಹಗ್ಗ ಹಿಡಿಯುತ್ತಾನೆ. ಶಿಳ್ಳೆ ಬರಲೆಂದು ಆ ಸಾಲಿನ ಮೇಲೆ ಇನ್ನೊಂದು ಸಾಲು ಹೊಸೆದರೆ ಮೂವರೂ ತಪ್ಪುತ್ತಾರೆ. ಬಾಯಿಪಾಠ ಆಗದವರೂ ಇದನ್ನೇ ಹಿಡಿಯಿರಿ: ಎದುರಿನವನ ಕೊನೆಯ ಸಾಲು, ನಿಮ್ಮ ಮೊದಲ ಸಾಲು, ನಿಮ್ಮ ಕೊನೆಯ ಸಾಲು. ಈ ಮೂರನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ.

ಕಂದ ಹೇಳಿದ್ರೆ ‘ಏನಂದ ಅಂತಲೇ ತಿಳೀಲಿಲ್ಲ’ ಅಂತಾರೆ. ಏನ್ ತಪ್ಪು?

ಉಸಿರು ತಪ್ಪಾದ ಜಾಗದಲ್ಲಿ ಬೀಳುತ್ತಿದೆ. ಕಂದಕ್ಕೆ ನಾಲ್ಕು ಸಾಲು. ಒಂದು ಮತ್ತು ಮೂರನೆಯ ಸಾಲಿಗೆ 12 ಮಾತ್ರೆ, ಎರಡು ಮತ್ತು ನಾಲ್ಕನೆಯದಕ್ಕೆ 20. ಮೊದಲ ಸಾಲು ಗಿಡ್ಡವಾದ್ದರಿಂದ ಎಷ್ಟೋ ಕಡೆ ಪದ ಅಲ್ಲಿ ಮುಗಿಯದೆ ಎರಡನೆಯ ಸಾಲಿಗೆ ಇಳಿಯುತ್ತದೆ. ನೀವು ಸಾಲಿನ ತುದಿ ಬಂತೆಂದು ಅಲ್ಲೇ ನಿಂತು ಆಲಾಪ ಎಳೆದರೆ ಪದ ಎರಡು ತುಂಡು. ಅರ್ಧ ಪದ ಕೇಳಿದವರು ಉಳಿದರ್ಧಕ್ಕೆ ಕಾಯುವುದಿಲ್ಲ.

ಮದ್ದು ಹೀಗೆ. ಪದ್ಯವನ್ನು ಮೊದಲು ಮಾತಿನಂತೆ ಹೇಳಿ, ಅರ್ಥ ನಿಲ್ಲುವ ಕಡೆ ಪೆನ್ಸಿಲ್ ಗೀಟು ಹಾಕಿ. ಹಾಡುವಾಗ ಉಸಿರು ಆ ಗೀಟಿನಲ್ಲಿ ಮಾತ್ರ. ಆಲಾಪ ಎರಡನೆಯ ಸಾಲು ಮುಗಿದ ಮೇಲೆ ಚಿಕ್ಕದಾಗಿ, ನಾಲ್ಕನೆಯದು ಮುಗಿದ ಮೇಲೆ ಬೇಕಾದಷ್ಟು. ‘ಕಂದ’ ಎಂದು ಹೆಸರಿಟ್ಟ ಎಲ್ಲವೂ ಛಂದಸ್ಸಿನ ಲೆಕ್ಕಕ್ಕೆ ಕಂದವಲ್ಲ, ಅಚ್ಚಾದ ಪುಸ್ತಕಗಳಲ್ಲಿ ತಪ್ಪೂ ಉಂಟು. ಅರ್ಥವಾಗದ ಪದವನ್ನು ಮೇಷ್ಟ್ರನ್ನು ಕೇಳಿಯೇ ಬಾಯಿಗೆ ಹಾಕಿಕೊಳ್ಳಿ.

ಹೆಣ್ಣು ಪಾರ್ಟಿನವರು ತಾಲೀಮಿಗೆ ಬರೋದೇ ಇಲ್ಲ. ಹೇಗೆ ಹೊಂದಿಸ್ಕೊಳ್ಳೋದು?

ದ್ರೌಪದಿ, ಕುಂತಿ, ಉತ್ತರೆ, ರುಕ್ಮಿಣಿ, ಭಾನುಮತಿ, ಇಷ್ಟನ್ನೂ ಮೂವರು ವೃತ್ತಿ ಕಲಾವಿದೆಯರು ಹಂಚಿಕೊಂಡು ಮಾಡುವುದು ರೂಢಿ. ಅವರಿಗೆ ನಾಟಕ ನಾಲಿಗೆ ತುದಿಯಲ್ಲಿದೆ. ಹೊಂದಿಕೊಳ್ಳಬೇಕಾದವರು ನೀವು. ನಿಮ್ಮ ಮೇಷ್ಟ್ರು ಬಿಟ್ಟ ಹಾಡು, ಸೇರಿಸಿದ ಮಾತು ಯಾವುವು ಎಂಬ ಒಂದು ಹಾಳೆಯ ಪಟ್ಟಿಯನ್ನು ವಾರದ ಮುಂಚೆ ಕಳಿಸಿ. ಪ್ರಯೋಗದ ದಿನ ಅವರು ಬಂದ ಕೂಡಲೇ ಜೊತೆ ಹಾಡುಗಳನ್ನಾದರೂ ಹಾರ್ಮೋನಿಯಂ ಜೊತೆ ಒಮ್ಮೆ ಹಾಡಿಸಿ.

ಬಾಗಿಲು ಚಿಲಕವಿರುವ ಕೋಣೆ, ಶೌಚಾಲಯ, ರಾತ್ರಿ ಊಟ, ವಾಪಸು ಹೋಗುವ ಗಾಡಿ ಇವನ್ನು ಕೇಳುವ ಮುಂಚೆಯೇ ಮಾಡಿ. ಸಂಭಾವನೆಯನ್ನು ಬಣ್ಣ ಹಚ್ಚುವ ಮುಂಚೆ ಕೊಟ್ಟುಬಿಡಿ, ಬೆಳಿಗ್ಗೆ ಆರಕ್ಕೆ ಖಜಾಂಚಿಯನ್ನು ಹುಡುಕಿಸಬೇಡಿ. ರಂಗದ ಮೇಲೆ ಧರ್ಮರಾಯ ಸಾಲು ಮರೆತು ನಿಂತಾಗ, ಸೆರಗಿನಲ್ಲಿ ಕಣ್ಣೊರೆಸುವ ನೆಪದಲ್ಲಿ ಬಾಯಿ ಮುಚ್ಚಿಕೊಂಡು ಅವನ ಮುಂದಿನ ಪದ ಹೇಳಿಕೊಡುವವಳು ದ್ರೌಪದಿಯೇ.

## ರಂಗ, ಬಣ್ಣ, ಡ್ರೆಸ್ಸು

ಸೀನರಿಯವರು ಏನೇನು ತರ್ತಾರೆ? ನಾವೇನು ಕೊಡಬೇಕು?

ಮುಂಪರದೆ, ದರ್ಬಾರು, ಬೀದಿ, ಉದ್ಯಾನ, ಕಾಡು, ಯುದ್ಧಭೂಮಿಯ ಪರದೆಗಳು, ಪಕ್ಕದ ವಿಂಗ್ಸ್, ಮೇಲಿನ ಝಾಲರಿ, ಸಿಂಹಾಸನ, ಮಂಚ, ಆಯುಧ ಸಾಮಾನ್ಯವಾಗಿ ಅವರದ್ದು. ವೇದಿಕೆಯ ಮರ, ಡ್ರೆಸ್ಸು, ಲೈಟು ಒಪ್ಪಂದದಲ್ಲಿ ಸೇರಿದೆಯೇ ಎಂಬುದನ್ನು ಮುಂಗಡ ಕೊಡುವ ದಿನ ಬರೆಸಿಕೊಳ್ಳಿ. ಕಡಿಮೆಯೆಂದರೆ 30 ಅಡಿ ಅಗಲ, 24 ಅಡಿ ಆಳ, ನೆಲದಿಂದ 4 ಅಡಿ ಎತ್ತರ ಇರಲಿ. ದರ್ಬಾರಿನಲ್ಲಿ ಹತ್ತು ಕಿರೀಟಗಳು ಒಟ್ಟಿಗೆ ನಿಲ್ಲಬೇಕು. ಪರದೆ ಎಳೆಯಲು ಇಬ್ಬರು ಅವರ ಕಡೆಯವರೇ ಇರಲಿ, ಊರಿನ ಹುಡುಗರು ನಾಟಕ ನೋಡುತ್ತಾ ಹಗ್ಗ ಮರೆಯುತ್ತಾರೆ. ಗಾಳಿ ಬೀಸುವ ದಿಕ್ಕಿಗೆ ರಂಗದ ಬೆನ್ನು ಬಂದರೆ ಪರದೆಗಳು ಹೊಟ್ಟೆ ಉಬ್ಬಿಸಿ ನಟರನ್ನು ಮುಂದಕ್ಕೆ ನೂಕುತ್ತವೆ. ಹಾಗಾಗುವ ಬಯಲಾದರೆ ಹಿಂದೆ ತಗಡಿನ ಮರೆ ಬೇಕು.

ಬಣ್ಣ ಎಷ್ಟು ಗಂಟೆಗೆ ಶುರು ಮಾಡಬೇಕು?

ಒಬ್ಬರಿಗೆ 20 ನಿಮಿಷ. 18 ಗಂಡು ಪಾತ್ರ, ಇಬ್ಬರು ಮೇಕಪ್‌ನವರು ಎಂದರೆ ಮೂರು ಗಂಟೆ. ಒಂಬತ್ತಕ್ಕೆ ನಾಟಕವಾದರೆ ಆರಕ್ಕೆ ಮೊದಲ ಮುಖ. ಯಾರ ದೃಶ್ಯ ಮೊದಲೋ ಅವರಿಗೆ ಮೊದಲು. ಅಭಿಮನ್ಯುವೂ ಸೈಂಧವನೂ ನಡುರಾತ್ರಿಯ ಪಾತ್ರಗಳು, ಅವರು ಆರಕ್ಕೇ ಬಣ್ಣ ಹಚ್ಚಿಸಿಕೊಂಡು ಕೂತರೆ ಬರುವ ಹೊತ್ತಿಗೆ ಮುಖ ಬೆವರಿ ಬಿರುಕು ಬಿಟ್ಟಿರುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಅರದಾಳ, ಇಂಗಳೀಕ ಕಂಡರೆ ಮುಖಕ್ಕೆ ಮುಟ್ಟಿಸಬೇಡಿ: ಒಂದರಲ್ಲಿ ಆರ್ಸೆನಿಕ್, ಇನ್ನೊಂದರಲ್ಲಿ ಪಾದರಸ ಇದೆ.

ಕಿರೀಟ ಜಾರುತ್ತೆ, ಮೀಸೆ ಕಳಚುತ್ತೆ. ಏನ್ ಮಾಡೋದು?

ಕಿರೀಟ ಜಾರುವುದು ಕೂದಲಿನ ಎಣ್ಣೆಗೆ. ಅವತ್ತು ತಲೆಗೆ ಎಣ್ಣೆ ಬೇಡ. ಹತ್ತಿಬಟ್ಟೆಯ ಪಟ್ಟಿಯನ್ನು ಹಣೆಯಿಂದ ಹಿಂದಲೆಗೆ ಎರಡು ಸುತ್ತು ಬಿಗಿದು ಅದರ ಮೇಲೆ ಕಿರೀಟ ಕೂರಿಸಿ, ದಾರವನ್ನು ಕುತ್ತಿಗೆಗಲ್ಲ, ಗದ್ದದ ಹಿಂದೆ ಕಿವಿಯ ಬುಡಕ್ಕೆ ಬರುವಂತೆ ಕಟ್ಟಿ. ಗಂಟಲಿಗೆ ಬಿಗಿದರೆ ಹಾಡು ಕಟ್ಟುತ್ತದೆ. ಮೀಸೆಗೆ ಮೇಲ್ದುಟಿಯನ್ನು ಒಣಗಿಸಿ ಒರೆಸಿ, ಬಣ್ಣದ ಮೇಲಲ್ಲ, ಚರ್ಮದ ಮೇಲೇ ಗಮ್ ಹಚ್ಚಿ, ಅಂಟಾಗುವ ತನಕ ಕಾದು ಒತ್ತಬೇಕು. ಬಣ್ಣದ ಮೇಲೆ ಅಂಟಿಸಿದ ಮೀಸೆ ಮೊದಲ ಹಾಡಿಗೇ ನೇತಾಡುತ್ತದೆ.

## ಅನುಮತಿ

ರಾತ್ರಿ ಪೂರ್ತಿ ಮೈಕ್ ಹಾಕಬಹುದಾ?

ಕಾನೂನಿನ ಪ್ರಕಾರ ಬಯಲಿನಲ್ಲಿ ಇಲ್ಲ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಧಾರ್ಮಿಕ, ಸಾಂಸ್ಕೃತಿಕ ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆಯವರೆಗೆ ಸಡಿಲಿಸಬಹುದು. ಮುಚ್ಚಿದ ಸಭಾಂಗಣದ ಒಳಗೆ ನಡೆದರೆ ಈ ರಾತ್ರಿ ನಿಷೇಧವಿಲ್ಲ. ಊರುಗಳಲ್ಲಿ ಬೆಳಗಿನವರೆಗೆ ನಡೆಯುತ್ತಿರುವುದು ಪರಸ್ಪರ ಹೊಂದಾಣಿಕೆಯ ಮೇಲೆ. ಯಾರೋ ಒಬ್ಬರು ದೂರು ಕೊಟ್ಟರೆ ಪೊಲೀಸರು ನಿಲ್ಲಿಸಬಹುದು, ಆಗ ವಾದಿಸಿ ಉಪಯೋಗವಿಲ್ಲ. ಅದಕ್ಕೇ ಎಷ್ಟೋ ತಂಡಗಳು ಪಟ್ಟಣದ ರಂಗಮಂದಿರ ಹಿಡಿದು ಹಗಲಲ್ಲೇ ಆಡುತ್ತಿವೆ. ಹಗಲು ನಾಟಕಕ್ಕೆ ಕಳೆ ಇಲ್ಲ ಎನ್ನುವುದು ನಿಜ. ಆದರೆ ಅಭಿಮನ್ಯು ಸಾಯುವಾಗ ನೋಡಲು ಜನ ಎಚ್ಚರವಾಗಿರುತ್ತಾರೆ.

ನಾಟಕ ಬರೆದವರ ಒಪ್ಪಿಗೆ ಬೇಕಾ?

ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಕೃತಿಸ್ವಾಮ್ಯ ಇರುತ್ತದೆ. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಕಾಯ್ದೆಯಲ್ಲಿ ವಿನಾಯಿತಿ ಇದೆ. ಪೂರ್ತಿ ನಾಟಕವನ್ನು ಯೂಟ್ಯೂಬಿಗೆ ಹಾಕುವುದು ಬೇರೆ ಮಾತು, ಆ ವಿನಾಯಿತಿ ಅಲ್ಲಿಗೆ ಚಾಚುವುದಿಲ್ಲ.

## ಪಳಗಿದವರಿಗೆ

ದುರ್ಯೋಧನ ಸಾಯೋ ಹೊತ್ತಿಗೆ ಜನಾನೇ ಇರಲ್ಲ. ಎಲ್ಲಿ ಎಡವುತ್ತಿದ್ದೀವಿ?

ಗಡಿಯಾರದಲ್ಲಿ. ಒಂಬತ್ತಕ್ಕೆ ಶುರು, ಐದೂವರೆಗೆ ಮಂಗಳ ಎಂದರೆ ಕೈಯಲ್ಲಿರುವುದು 510 ನಿಮಿಷ. ಇಪ್ಪತ್ತು ನಟರಿಗೆ ನೆಂಟರು ಹಾರ ಹಾಕಲು ತಲಾ 4 ನಿಮಿಷ: 80 ಹೋಯಿತು. 28 ದೃಶ್ಯಕ್ಕೆ ಪರದೆ ಬದಲಿಸಲು ತಲಾ 2: 56 ಹೋಯಿತು. ಉಳಿದದ್ದು 374. ಹಾಡು, ಕಂದ ಸೇರಿ 80 ಎಂದಿಟ್ಟುಕೊಂಡು, ಆಲಾಪದ ಜೊತೆ ತಲಾ 4 ನಿಮಿಷ ಹಿಡಿದರೆ 320. ಮಾತಿಗೆ ಉಳಿದದ್ದು 54 ನಿಮಿಷ! ಮಹಾಭಾರತ ಯುದ್ಧ 54 ನಿಮಿಷದ ಮಾತಿನಲ್ಲಿ ಮುಗಿಯುವುದಿಲ್ಲವಾದ್ದರಿಂದ ಅದು ಏಳು ಗಂಟೆಯ ಬಿಸಿಲಿಗೆ ಹೋಗುತ್ತದೆ. ಹಾಲು ಕರೆಯುವ ಹೊತ್ತು, ಜನ ಏಳುತ್ತಾರೆ.

ಅದೇ ಹಾಡನ್ನು ಎರಡೂವರೆ ನಿಮಿಷಕ್ಕೆ ಇಳಿಸಿದರೆ 200. ಮಾತಿಗೆ 174 ನಿಮಿಷ ಸಿಕ್ಕಿತು. ಸಮಯ ಸೋರುವ ಜಾಗ ಬಹುಪಾಲು ಒಂದೇ: ಮೊದಲ ಕೃಷ್ಣನ ಶಯನಗೃಹ. ಅರ್ಜುನ ಕಾಲ ಬಳಿ, ದುರ್ಯೋಧನ ತಲೆ ಬಳಿ ಕೂತು ಕಾಯುವ ಆ ದೃಶ್ಯದಲ್ಲಿ ಮೂವರಿಗೂ ಗಂಟಲು ತಾಜಾ, ಎದುರಿಗೆ ತುಂಬಿದ ಸಭೆ, ಪ್ರತಿ ಹಾಡಿಗೂ ‘ಒನ್ಸ್ ಮೋರ್’. ಒಂದು ನಿಯಮ ಮಾಡಿ: ಹನ್ನೆರಡರವರೆಗೆ ಒನ್ಸ್ ಮೋರ್ ಇಲ್ಲ, ಆಮೇಲೆ ಬೇಕಾದರೆ ಇರಲಿ. ಮೇಷ್ಟ್ರ ಹಾರ್ಮೋನಿಯಂ ಮೇಲೆ ಒಂದು ಹಾಳೆ ಅಂಟಿಸಿ: ಸಂಧಾನ 12ಕ್ಕೆ, ಅಭಿಮನ್ಯು 2ಕ್ಕೆ, ಕರ್ಣ 4ಕ್ಕೆ, ಗದಾಯುದ್ಧ 5ಕ್ಕೆ. ಹಿಂದೆ ಬಿದ್ದರೆ ಯಾವ ಹಾಡು ಬಿಡಬೇಕೆಂಬ ತೀರ್ಮಾನ ಮೇಷ್ಟ್ರದ್ದೇ. ‘ನಾನು 24,000 ಕೊಟ್ಟಿದ್ದೀನಿ’ ಎನ್ನುವವರು ಅದನ್ನು ತಾಲೀಮಿನ ಮೊದಲ ದಿನವೇ ಒಪ್ಪಿರಬೇಕು.

ಹಾರ ಹಾಕೋದನ್ನ ನಿಲ್ಲಿಸೋಕಾಗುತ್ತಾ?

ಆಗುವುದಿಲ್ಲ, ನಿಲ್ಲಿಸಲೂ ಬಾರದು. ಅತ್ತೆ ಮನೆಯವರು ಮುಯ್ಯಿ ಮಾಡಲೆಂದು ದೂರದೂರಿಂದ ಬಂದಿರುತ್ತಾರೆ. ಜಾಗ ಮಾತ್ರ ಬದಲಿಸಿ: ದೃಶ್ಯ ಮುಗಿದು ಪರದೆ ಬಿದ್ದ ಮೇಲೆ, ಅದರ ಮುಂದೆ. ಹಿಂದೆ ಸಿಂಹಾಸನ ಬದಲಾಗುವ ಹೊತ್ತಿಗೆ ಮುಂದೆ ಹಾರ ಮುಗಿದಿರುತ್ತದೆ, ಎರಡು ಖರ್ಚು ಒಂದಾಗುತ್ತದೆ. ಶರಶಯ್ಯೆಯ ಮೇಲಿರುವ ಭೀಷ್ಮನನ್ನು ಎಬ್ಬಿಸಿ ನೋಟಿನ ಹಾರ ಹಾಕುವುದಂತೂ ಬೇಡ.

ಮೈಕ್ ಕುಂಯ್ ಅನ್ನುತ್ತೆ, ಮಾತು ಕೇಳಿಸಲ್ಲ.

ಸ್ಪೀಕರ್‌ಗಳು ಮೈಕಿನ ಸಾಲಿಗಿಂತ ಮುಂದಿರಬೇಕು, ಸಭೆಯ ಕಡೆ ತಿರುಗಿರಬೇಕು. ರಂಗದ ಅಂಚಿಗೆ ಸಮನಾಗಿಟ್ಟರೆ ಅದೇ ಸದ್ದು ತೂಗುಮೈಕಿಗೆ ಮರಳಿ ಕೂಗುತ್ತದೆ. ಕಾಲರ್ ಮೈಕ್ ಕಟ್ಟುವುದಾದರೆ ಎದೆಪದಕದ ಕೆಳಗೆ ಬೇಡ, ತಗಡು ಉಜ್ಜಿದ ಸದ್ದೇ ಬರುತ್ತದೆ. ಕಿರೀಟದ ಅಂಚಿಗೆ, ಹಣೆಯ ಹತ್ತಿರ ಸಿಕ್ಕಿಸಿ. ನಡುರಾತ್ರಿಗೆ ಬ್ಯಾಟರಿ ಬದಲಿಸಿ. ಇನ್ನು ಎಕೋ: ಹಾಡಿಗೆ ಚೂರು ಇರಲಿ, ಮಾತಿಗೆ ಪೂರ್ತಿ ತೆಗೆಸಿ. ಮೈಕ್‌ನವರು ಅದನ್ನು ಕೊಡುಗೈಯಲ್ಲಿ ಸುರಿಯುತ್ತಾರೆ, ದುರ್ಯೋಧನನ ಒತ್ತಕ್ಷರಗಳೆಲ್ಲ ಅದರಲ್ಲಿ ಮುಳುಗುತ್ತವೆ.

ದ್ರೌಪದಿ ಜೊತೆ ಹಾಡುವಾಗ ನನ್ನ ಕಂಠ ಸಿಕ್ಕಿಹಾಕಿಕೊಳ್ಳುತ್ತೆ. ಯಾಕೆ?

ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಗಂಡಸರ ಶ್ರುತಿ ಸಾಮಾನ್ಯವಾಗಿ ಒಂದರಿಂದ ಎರಡು ಮನೆ, ಕಲಾವಿದೆಯರದ್ದು ನಾಲ್ಕೂವರೆಯಿಂದ ಐದೂವರೆ. ಅವರ ಶ್ರುತಿಯಲ್ಲಿ ಮೇಲಿನ ಷಡ್ಜ ಮುಟ್ಟಲು ಹೋದರೆ ನೀವು ಕಿರುಚುತ್ತೀರಿ. ಅವರ ಚರಣಕ್ಕೆ ಅವರ ಶ್ರುತಿ, ನಿಮ್ಮದಕ್ಕೆ ಅವರ ಮಧ್ಯಮವನ್ನೇ ಷಡ್ಜ ಮಾಡಿಕೊಂಡ ಶ್ರುತಿ ಹಿಡಿದರೆ ಇಬ್ಬರಿಗೂ ಸುಖ: ಅವರದ್ದು ಐದಾದರೆ ನಿಮ್ಮದು ಒಂದಾಗುತ್ತದೆ. ಪ್ರತಿ ಹಾಡಿನ ತಲೆಯ ಮೇಲೆ ಶ್ರುತಿ ಬರೆದಿಡಿ. ಕಂಠಕ್ಕೆಂದು ಒಂದು ಗುಟುಕು ಹಾಕುವ ಚಾಳಿ ಬೇಡ, ಅದು ಗಂಟಲನ್ನು ಒಣಗಿಸುತ್ತದೆ. ಬಿಸಿನೀರು ಸಾಕು.

ಸೈಂಧವ ವಧೆಯಲ್ಲಿ ಸೂರ್ಯ ಮುಳುಗಿದ ಹಾಗೆ ತೋರಿಸೋದು ಹೇಗೆ?

ಲೈಟನ್ನು ಒಮ್ಮೆಗೇ ಆರಿಸಿದರೆ ಜನ ಕರೆಂಟು ಹೋಯಿತೆಂದುಕೊಂಡು ಮೊಬೈಲ್ ಟಾರ್ಚು ಹಾಕುತ್ತಾರೆ. ಕೃಷ್ಣ ಚಕ್ರಕ್ಕೆ ಕೈ ಎತ್ತಿದ ಕ್ಷಣದಿಂದ ಹಳದಿ ಬೆಳಕು 20 ಎಣಿಸುವಷ್ಟು ಹೊತ್ತು ಮೆಲ್ಲಗೆ ಇಳಿಯಲಿ, ಜೊತೆಗೆ ನೀಲಿ ಏರಲಿ. ಪೂರ್ತಿ ಕತ್ತಲೆ ಬೇಡ, ಅರ್ಜುನನ ಮುಖ ಕಾಣಬೇಕು. ಹಾರ್ಮೋನಿಯಂ ನಿಂತು, ಕೀಬೋರ್ಡಿನಲ್ಲಿ ಒಂದೇ ಸ್ವರ. ಸೈಂಧವ ನಗುತ್ತಾ ಹೊರಬಂದು ಎರಡು ಸಾಲು ಹೇಳಿದ ಮೇಲೆ, ಕೃಷ್ಣ ಕೈ ಇಳಿಸಿದಾಗ ಹಳದಿ ಬೆಳಕು ಒಂದೇ ಏಟಿಗೆ ಬರಬೇಕು. ಇಳಿಯುವುದು ನಿಧಾನ, ಏರುವುದು ತಟ್ಟನೆ. ಲೈಟಿನವನ ಪಕ್ಕ ನಾಟಕ ಗೊತ್ತಿರುವ ಒಬ್ಬ ಕೂತು ಬೆನ್ನು ತಟ್ಟಿ ಸನ್ನೆ ಕೊಡಲಿ.

ಗದಾಯುದ್ಧದಲ್ಲಿ ನಿಜವಾಗ್ಲೂ ಏಟು ಬೀಳುತ್ತೆ. ಹೇಗೆ ತಪ್ಪಿಸೋದು?

ಬೆಳಗಿನ ಐದಕ್ಕೆ ಇಬ್ಬರೂ ದಣಿದಿರುತ್ತಾರೆ, ಲೆಕ್ಕವಿಲ್ಲದೆ ಬೀಸಿದರೆ ಬೀಳುವುದೇ. ಏಳು ಏಟು, ಹೆಚ್ಚಲ್ಲ: ಎಡ, ಬಲ, ಎಡ, ಮೇಲೆ, ತಿರುಗಿ ನಿಂತು ಬಲ, ಎಡ, ಕೊನೆಯದು ತೊಡೆಗೆ. ತಬಲದವರು ಏಳನ್ನೂ ಎಣಿಸಿ ಬಡಿಯಲಿ. ತೊಡೆಯ ಏಟಿಗೆ ಭೀಮ ಸಭೆಗೆ ಬೆನ್ನು ಕೊಟ್ಟು ನಿಂತು, ದುರ್ಯೋಧನನ ತೊಡೆಯಿಂದ ಒಂದಡಿ ಈಚೆ ಗದೆ ನೆಲಕ್ಕೆ ಕುಟ್ಟಬೇಕು. ಮುಂಚಿನ ದಿನ ಗದೆಯ ತಲೆ ಹಿಡಿದು ಎಳೆದು ನೋಡಿ. ಬಾಡಿಗೆಯ ಗದೆಗಳ ತಲೆಯನ್ನು ಹಿಡಿಗೆ ಒಂದೇ ಮೊಳೆಯಲ್ಲಿ ಕೂರಿಸಿರುವುದುಂಟು, ಅದು ಸಡಿಲವಾದರೆ ಹಾರಿ ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತ ಮಕ್ಕಳ ಮೇಲೆ ಬೀಳುತ್ತದೆ. ಸಡಿಲ ಕಂಡರೆ ತಂತಿ ಸುತ್ತಿ ಬಿಗಿಸಿ, ಮೇಲೆ ಬಣ್ಣದ ಕಾಗದ ಅಂಟಿಸಿ.